ಮಲೆನಾಡಿನ ರಸ್ತೆಗೆ ಯಾವ ಸಸ್ಪೆನ್ಷನ್ ಭಾಗ? ಎರಡು ಕಾರುಗಳಲ್ಲಿ ಕಂಡ ಹೋಲಿಕೆ

ಕಾರಿನ ಮುಂಭಾಗದಲ್ಲಿ ಲಟಲಟ ಸದ್ದು ಶುರುವಾಯಿತೆಂದು ಗ್ಯಾರೇಜಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ "ಕಂಪನಿ ಪಾರ್ಟ್ ಹಾಕೋದಾ ಸಾರ್, ಹೊರಗಿನದ್ದಾ?" ಎಂಬುದು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲವೆಂಬುದು, ಒಂದೇ ಮಾದರಿಯ ಎರಡು ಕಾರುಗಳಿಗೆ ಬೇರೆ ಬೇರೆ ಬಗೆಯ ಭಾಗಗಳನ್ನು ಹಾಕಿಸಿ ಒಂದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ ನನಗೆ ಖಚಿತವಾಗಿದೆ. ಚಕ್ರವನ್ನು ಕೆಳಗಿನಿಂದ ಚಾಸಿಗೆ ಜೋಡಿಸುವ ಲೋಯರ್ ಆರ್ಮ್‌ಗೆ ಒಪ್ಪುವ ಉತ್ತರ, ಸ್ಪ್ರಿಂಗಿನ ಕುಲುಕಾಟವನ್ನು ತಡೆಯುವ ಶಾಕ್ ಅಬ್ಸಾರ್ಬರ್‌ಗೆ ಒಪ್ಪುವುದಿಲ್ಲ. ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಪಾಲಿಸಬೇಕಾದ ಕಟ್ಟುನಿಟ್ಟು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿಗೆ ಕೊಂಡಿಯಾಗಿರುವ ಲಿಂಕ್ ರಾಡಿಗೆ ಬೇಕಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಭಾಗವನ್ನು ಕೂರಿಸುವ ಕ್ರಮ ತಪ್ಪಿದರೆ ಯಾವ ಪೆಟ್ಟಿಗೆಯಿಂದ ಬಂದ ಭಾಗವಾದರೂ ಅಕಾಲದಲ್ಲಿ ಹಾಳಾಗುತ್ತದೆ. ಹಾಗಾಗಿ ಆ ಕ್ರಮವನ್ನು ಸರಿಪಡಿಸಿಕೊಳ್ಳದೆ ಮಾಡಿದ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ನನ್ನ ಮತ್ತು ತಮ್ಮನ ಕಾರುಗಳು ಒಂದೇ ವರ್ಷ ಕೊಂಡ, ಒಂದೇ ಮಾದರಿಯ ಸಣ್ಣ ಪೆಟ್ರೋಲ್ ಕಾರುಗಳು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿದ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂದಿನ ಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ತೊಲೆ). ನಮ್ಮ ದೇಶದ ಬಹುತೇಕ ಸಣ್ಣ ಕಾರುಗಳ ವ್ಯವಸ್ಥೆ ಇದೇ. ಮನೆಯಿಂದ ಡಾಂಬರು ರಸ್ತೆಗೆ ಬರುವವರೆಗೆ ತೋಟದ ನಡುವಿನ ಮಣ್ಣು ರಸ್ತೆ. ಅಲ್ಲಿಂದ ಒಂದು ಕಡೆಗೆ ಶಿವಮೊಗ್ಗ, ಇನ್ನೊಂದು ಕಡೆಗೆ ರಾಷ್ಟ್ರೀಯ ಹೆದ್ದಾರಿ 169ಎ ಹಿಡಿದು ಆಗುಂಬೆ ಘಾಟಿ ಇಳಿದರೆ ಹೆಬ್ರಿ ಮತ್ತು ಉಡುಪಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಅಷ್ಟು ಮಳೆ ಬೀಳುವ ಕಡೆ ಗುಂಡಿ ಎಷ್ಟು ಆಳವಿದೆಯೆಂಬುದು ಚಕ್ರ ಅದಕ್ಕೆ ಬಿದ್ದ ಮೇಲಷ್ಟೇ ತಿಳಿಯುತ್ತದೆ. ಕೆಂಪು ಮಣ್ಣಿನ ಕೆಸರು, ಕೀಲುಗಳನ್ನು ಮುಚ್ಚಿರುವ ರಬ್ಬರ್ ಬೂಟಿನ ಕೂದಲೆಳೆಯಷ್ಟು ಸೀಳಿನಲ್ಲೂ ಒಳಹೊಕ್ಕು ಕೂರುತ್ತದೆ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸ್ಟಿಯರಿಂಗ್ ತಿರುಗಿಸಬೇಕಾಗುವುದರಿಂದ, ಲೋಯರ್ ಆರ್ಮನ್ನು ಚಾಸಿಗೆ ಕೂರಿಸುವ ಹಿಂದಿನ ರಬ್ಬರ್ ಬುಶ್ ಮೇಲೆ ಬೀಳುವ ಎಳೆತ ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡುವ ಕಾರಿಗಿಂತ ಬಹಳ ಹೆಚ್ಚು.

ಹಂಪ್‌ಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲದ, 10 ಸೆಂಟಿಮೀಟರ್ ಎತ್ತರದ ದುಂಡನೆಯ ಏರಾಗಿರಬೇಕು. ಅಷ್ಟು ಅಗಲದ ಏರನ್ನು ಚಕ್ರ ಸಾವಕಾಶವಾಗಿ ಹತ್ತಿ ಇಳಿಯುತ್ತದೆ; ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರ್‌ಗೂ ತಮ್ಮ ಕೆಲಸ ಮಾಡಲು ಸಮಯ ಸಿಗುತ್ತದೆ. ನಾವು ದಿನವೂ ದಾಟುವ ಹಂಪ್‌ಗಳು ಊರಿನವರೇ ಸೇರಿ ಹಾಕಿಸಿದ, ಬಿಳಿ ಪಟ್ಟೆಯಿಲ್ಲದ, ಒಂದೆರಡು ಅಡಿ ಅಗಲದ ದಿಬ್ಬಗಳು. ಇವುಗಳ ಹೊಡೆತ ನೇರವಾಗಿ ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿಗೆ ಕೂರಿಸುವ ಮೌಂಟಿಗೆ ಮತ್ತು ಸ್ಟ್ರಟ್ ಪೂರ್ತಿ ಕುಗ್ಗಿದಾಗ ಬಡಿತ ತಡೆಯುವ ಬಂಪ್ ಸ್ಟಾಪಿಗೆ ತಗಲುತ್ತದೆ. ಭಾಗಗಳು ಬೇಗ ಸವೆದವೆಂದು ತಯಾರಕರನ್ನಷ್ಟೇ ದೂರುವವರು ತಮ್ಮ ದಾರಿಯ ಹಂಪ್‌ಗಳನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

ಕೂರಿಸುವ ಕ್ರಮದ ಮಾತನ್ನು ಮೊದಲೇ ಎತ್ತಲು ಕಾರಣವಿದೆ. ಮೊದಲ ಸಲ ನನ್ನ ಕಾರಿನ ಎರಡೂ ಲೋಯರ್ ಆರ್ಮ್‌ಗಳನ್ನು ಕಂಪನಿಯ ಭಾಗವನ್ನೇ ತರಿಸಿ ಒಂದು ಗ್ಯಾರೇಜಿನವರು ಬದಲಿಸಿದ್ದರು. ಒಂದು ಮಳೆಗಾಲ ಮುಗಿಯುವುದರೊಳಗೆ ಮುಂದಿನ ಬುಶ್‌ಗಳ ರಬ್ಬರ್ ಹರಿದಿತ್ತು. ಭಾಗವೇ ನಕಲಿಯಿರಬೇಕೆಂದು ಎಲ್ಲರೂ ಹೇಳಿದರು. ಆದರೆ ಅದನ್ನು ಬಿಚ್ಚಿ ನೋಡಿದ ತೀರ್ಥಹಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು ರಬ್ಬರ್ ಹರಿದ ರೀತಿಯಲ್ಲೇ ಕಾರಣವನ್ನು ಗುರುತಿಸಿದರು. ಬುಶ್ ಎಂದರೆ ಹೊರಗೊಂದು ಉಕ್ಕಿನ ಕವಚ, ಒಳಗೊಂದು ಉಕ್ಕಿನ ಕೊಳವೆ, ಇವೆರಡಕ್ಕೂ ಅಂಟಿಕೊಂಡ ರಬ್ಬರ್. ಅಡ್ಡಲಾಗಿ ಹೋಗುವ ಬೋಲ್ಟನ್ನು ಬಿಗಿದಾಗ ಒಳಗಿನ ಕೊಳವೆ ಚಾಸಿಗೆ ಕಚ್ಚಿ ನಿಲ್ಲುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಂತೆಲ್ಲ ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಕಾರು ತನ್ನ ತೂಕವನ್ನು ಹೊತ್ತು ನೆಲದ ಮೇಲೆ ನಿಂತಿರುವಾಗ ಆ ರಬ್ಬರಿನಲ್ಲಿ ತಿರುಚು ಇರಬಾರದು. ಜಾಕಿಯ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರನ್ನು ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ಒಂದು ಬದಿಗೆ ತಿರುಚಿಕೊಂಡೇ ಉಳಿಯುತ್ತದೆ. ಆಮೇಲೆ ದಿಬ್ಬವೊಂದನ್ನು ಹತ್ತಿ ಚಕ್ರ ಮೇಲೆದ್ದಾಗ ಆ ತಿರುಚು ರಬ್ಬರ್ ತಡೆಯುವ ಮಿತಿಯನ್ನು ದಾಟುತ್ತದೆ. "ಗಾಡಿ ಕೆಳಗೆ ಕೂತ್ಮೇಲೆ ಟೈಟ್ ಮಾಡ್ಬೇಕು ಸಾರ್. ನೇತಾಡ್ತಾ ಇರೋವಾಗ ಮಾಡಿದ್ರೆ ಕಂಪನಿ ಬುಶ್ಶೂ ಒಂದು ಮಳೆಗಾಲ ಬರಲ್ಲ" ಎಂದು ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಅಂದಿನಿಂದ ಎರಡೂ ಕಾರುಗಳ ಕೆಲಸವನ್ನು ಅವರೊಬ್ಬರೇ ಪಿಟ್ ಮೇಲೆ ಮಾಡಿದ್ದಾರೆ. ಬೋಲ್ಟುಗಳನ್ನು ಕಾರು ನೆಲಕ್ಕೆ ಇಳಿದ ಮೇಲೆ ಟಾರ್ಕ್ ವ್ರೆಂಚಿನಿಂದಲೇ ಬಿಗಿದಿದ್ದಾರೆ. ಪ್ರತಿ ಬದಲಾವಣೆಯ ನಂತರ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಿದ್ದೇವೆ. ಟೈರುಗಳೂ ಅವುಗಳ ಗಾಳಿಯ ಒತ್ತಡವೂ ಎರಡು ಕಾರುಗಳಲ್ಲಿ ಒಂದೇ ರೀತಿ ಇರುವಂತೆ ನೋಡಿಕೊಂಡಿದ್ದೇವೆ. ಕೆಳಗಿನ ಹೋಲಿಕೆ ಈ ತಳಹದಿಯ ಮೇಲೆ ನಿಂತಿದೆ.

ಲೋಯರ್ ಆರ್ಮ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಆಯ್ಕೆಗಳು ಹೆಚ್ಚಿರುವುದೂ ತಪ್ಪಿದರೆ ಅಪಾಯ ಹೆಚ್ಚಿರುವುದೂ ಇದರಲ್ಲಿಯೇ. ನನ್ನ ಕಾರಿಗೆ ಮತ್ತೆ ಕಂಪನಿಯ ಇಡೀ ಆರ್ಮನ್ನೇ ಹಾಕಿಸಿದೆವು; ಅದರಲ್ಲಿ ಎರಡು ಬುಶ್ ಮತ್ತು ಚಕ್ರದ ಕಡೆಗೆ ಸೇರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಮೊದಲೇ ಕೂಡಿಕೊಂಡು ಬರುತ್ತವೆ. ತಮ್ಮನ ಕಾರಿನಲ್ಲಿ ಹಳೆಯ ಆರ್ಮನ್ನೇ ಉಳಿಸಿಕೊಂಡು, ಹೆಸರಾಂತ ಬಿಡಿಭಾಗ ತಯಾರಕರ ಬುಶ್‌ಗಳನ್ನಷ್ಟೇ ತಂದು ಪ್ರೆಸ್ ಮಾಡಿಸಿದೆವು. ಖರ್ಚು ಕಂಪನಿ ಆರ್ಮ್‌ನ ಮೂರನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಸವಾರಿಯಲ್ಲಿ ಎರಡು ಕಾರುಗಳಿಗೂ ವ್ಯತ್ಯಾಸವಿರಲಿಲ್ಲ. ಮಣ್ಣು ರಸ್ತೆಯಲ್ಲಿ ಎರಡೂ ಮೌನವಾಗಿದ್ದವು. ಘಾಟಿಯಲ್ಲಿ ಬ್ರೇಕ್ ಒತ್ತಿದಾಗ ಎರಡೂ ನೇರವಾಗಿಯೇ ನಿಲ್ಲುತ್ತಿದ್ದವು. ಒಂದಕ್ಕಿಂತ ಹೆಚ್ಚು ಮಳೆಗಾಲ ಕಳೆದ ಮೇಲೆ ಪಿಟ್‌ಗೆ ಇಳಿದು ಟಾರ್ಚ್ ಹಾಕಿ ನೋಡಿದಾಗ, ಎರಡರ ಹಿಂದಿನ ಬುಶ್‌ಗಳ ಮೇಲ್ಮೈಯಲ್ಲಿ ನವಿರಾದ ಗೆರೆಗಳು ಮೂಡಿದ್ದವು, ಆದರೆ ರಬ್ಬರ್ ಎಲ್ಲಿಯೂ ಉಕ್ಕಿನಿಂದ ಬಿಟ್ಟುಕೊಂಡಿರಲಿಲ್ಲ. ಮೇಲ್ಮೈಯ ಗೆರೆಗಳು ವಯಸ್ಸಿನ ಗುರುತು. ರಬ್ಬರ್ ಉಕ್ಕಿನಿಂದ ಬಿಡುವುದು ಸಾವಿನ ಗುರುತು. ಇವೆರಡನ್ನು ಬೇರೆ ಮಾಡಿ ನೋಡದೆ, ಗೆರೆ ಕಂಡ ಕೂಡಲೇ ಆರ್ಮ್ ಬದಲಿಸಬೇಕೆಂದು ಒತ್ತಾಯಿಸುವ ಗ್ಯಾರೇಜುಗಳು ಸಾಕಷ್ಟಿವೆ.

ಹಾಗಾದರೆ ಅಗ್ಗದ ದಾರಿಯೇ ಗೆದ್ದಿತೆ? ಬುಶ್‌ನ ಮಟ್ಟಿಗೆ ಹೌದು. ಆದರೆ ಅಷ್ಟರಲ್ಲಿ ತಮ್ಮನ ಕಾರಿನ ಹಳೆಯ ಬಾಲ್ ಜಾಯಿಂಟಿನ ಬೂಟ್ ಸೀಳಿ, ನೀರೂ ಕೆಸರೂ ಸೇರಿ ಜಾಯಿಂಟ್ ಸಡಿಲವಾಯಿತು. ನಮ್ಮ ಮಾದರಿಯಲ್ಲಿ ಕಂಪನಿಯವರು ಬಾಲ್ ಜಾಯಿಂಟನ್ನು ಬಿಡಿಯಾಗಿ ಕೊಡುವುದಿಲ್ಲ. ಅದು ಹೋದರೆ ಆರ್ಮೇ ಹೋದಂತೆ. ಇನ್ನೂ ಗಟ್ಟಿಯಾಗಿದ್ದ ಬುಶ್‌ಗಳ ಸಮೇತ ಆರ್ಮನ್ನು ಕಳಚಿ ಹಾಕಬೇಕಾಯಿತು. ಬಾಲ್ ಜಾಯಿಂಟ್ ಬೋಲ್ಟಿನಿಂದ ಕೂರುವಂಥ ಮಾದರಿಯ ಕಾರು ನಿಮ್ಮದಾಗಿದ್ದರೆ, ಬುಶ್ ಮಾತ್ರ ಬದಲಿಸುವ ದಾರಿಯನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಆಗಲೂ ಪ್ರೆಸ್ ಕೆಲಸವನ್ನು ಸುತ್ತಿಗೆಯಲ್ಲಿ ಮುಗಿಸುವವರಿಗೆ ಕೊಡಬಾರದು. ಹೊರ ಕವಚ ಸ್ವಲ್ಪ ನೆಗ್ಗಿದರೂ ಬುಶ್ ತನ್ನ ಗೂಡಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಿಂದಿನ ಬುಶ್‌ನ ರಬ್ಬರಿನಲ್ಲಿ ಉದ್ದೇಶಪೂರ್ವಕವಾಗಿ ಬಿಟ್ಟ ಟೊಳ್ಳುಗಳಿರುತ್ತವೆ. ಅವು ಯಾವ ದಿಕ್ಕಿಗೆ ಇರಬೇಕೆಂಬುದಕ್ಕೆ ಗುರುತಿರುತ್ತದೆ. ಆ ದಿಕ್ಕು ತಪ್ಪಿದರೆ, ಮೆತ್ತಗಿರಬೇಕಾದ ಕಡೆ ಬುಶ್ ಬಿಗಿಯಾಗಿ, ಬಿಗಿಯಾಗಿರಬೇಕಾದ ಕಡೆ ಮೆತ್ತಗಾಗುತ್ತದೆ. ಹಳೆಯ ಬುಶ್ ಹೊರತೆಗೆಯುವ ಮುನ್ನವೇ ಆರ್ಮ್ ಮೇಲೆ ಪೇಂಟಿನಿಂದ ಗುರುತು ಹಾಕಿಸಿಕೊಳ್ಳುವುದು ಉತ್ತಮ.

ತಮ್ಮನ ಕಾರಿಗೆ ಅನಂತರ ಬಂದದ್ದು ಪೇಟೆಯ ಅಗ್ಗದ ಇಡೀ ಆರ್ಮ್. ಬಣ್ಣ, ಆಕಾರ, ಬೋಲ್ಟಿನ ತೂತುಗಳೆಲ್ಲ ಕಂಪನಿಯದರ ಹಾಗೆಯೇ ಇದ್ದವು. ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಎತ್ತಿದಾಗಲೇ ಅದು ಹಗುರವೆಂದು ತಿಳಿಯುತ್ತಿತ್ತು. ತಗಡು ತೆಳುವಾಗಿತ್ತು, ವೆಲ್ಡಿಂಗ್ ಒಂದೇ ಸಮನಾಗಿರಲಿಲ್ಲ, ಬಾಲ್ ಜಾಯಿಂಟಿನ ಬೂಟ್ ಬೆರಳಿನಲ್ಲಿ ಒತ್ತಿದರೆ ಪ್ಲಾಸ್ಟಿಕ್‌ನಂತೆ ಬಿರುಸಾಗಿತ್ತು. ಆರಂಭದಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಮಳೆಗಾಲ ಇನ್ನೂ ಜೋರಾಗುವ ಮುನ್ನವೇ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ಮುಂದಿನ ಟೈರಿನ ಒಳ ಅಂಚು ಕೈಗೆ ಗರಗಸದಂತೆ ತಾಗುತ್ತಿತ್ತು. ಚಕ್ರಕ್ಕೂ ಆರ್ಮ್‌ಗೂ ನಡುವೆ ಲಿವರ್ ಹಾಕಿ ಎತ್ತಿ ನೋಡಿದರೆ ಬಾಲ್ ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಆಡುತ್ತಿತ್ತು, ಹಿಂದಿನ ಬುಶ್‌ನ ರಬ್ಬರ್ ಅರ್ಧ ಸುತ್ತು ಉಕ್ಕಿನಿಂದ ಬಿಟ್ಟಿತ್ತು. ಬಾಲ್ ಜಾಯಿಂಟ್ ಪೂರ್ತಿ ಕಳಚಿಕೊಂಡರೆ ಚಕ್ರ ಅಡಿಯಿಂದ ಹೊರಕ್ಕೆ ಮಡಚಿಕೊಂಡು ಕಾರು ಆ ಮೂಲೆಯಲ್ಲಿ ಕುಸಿದು ಕೂರುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಉಳಿಯುವುದಿಲ್ಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತವಿರುವ ರಸ್ತೆಯಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡಾಡುವ ಯಾರಿಗೂ ನಾನು ಈ ಆಯ್ಕೆಯನ್ನು ಹೇಳಲಾರೆ. ಉಳಿಸಿದ ಹಣಕ್ಕಿಂತ ಹಾಳಾದ ಟೈರುಗಳ ಬೆಲೆಯೇ ಹೆಚ್ಚಾಯಿತು ಎಂಬುದು ಎರಡನೆಯ ಮಾತು.

ಆಮೇಲೆ ತಮ್ಮನ ಆಸೆಯಂತೆ, ಕಂಪನಿ ಆರ್ಮ್‌ಗೆ ಪಾಲಿಯುರಿಥೇನ್ ಬುಶ್‌ಗಳನ್ನು ಕೂರಿಸಿ ನೋಡಿದೆವು. ಇದು ರಬ್ಬರಿಗಿಂತ ಬಿರುಸಾದ ವಸ್ತು. ಎಣ್ಣೆಯ ಪಸೆಗೂ ಬೇಗ ಸೋಲುವುದಿಲ್ಲ. ಇದು ರಬ್ಬರಿನಂತೆ ಉಕ್ಕಿಗೆ ಅಂಟಿಕೊಂಡು ತಿರುಚುವುದಿಲ್ಲ, ಒಳಗಿನ ಕೊಳವೆಯ ಸುತ್ತ ಜಾರಿ ತಿರುಗುತ್ತದೆ. ಹಾಗಾಗಿ ನೇತಾಡುವಾಗ ಬಿಗಿದರೂ ಹರಿಯುವ ಭಯವಿಲ್ಲ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುವ ಚುರುಕು ಘಾಟಿಯಲ್ಲಿ ನಿಜಕ್ಕೂ ಸಂತೋಷ ಕೊಡುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹಿಂದಿನ ಬುಶ್ಶನ್ನು ತಯಾರಕರು ಮೆತ್ತಗೆ ಮಾಡಿರುವುದು ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಸ್ವಲ್ಪ ಹಿಂದಕ್ಕೆ ಸರಿದು ಹೊಡೆತವನ್ನು ತಗ್ಗಿಸಲೆಂದೇ. ಆ ಸರಿದಾಟ ನಿಂತುಹೋದಾಗ ಹೊಡೆತವೆಲ್ಲ ಕಾರಿನ ಒಡಲಿಗೆ ಸಾಗುತ್ತದೆ. ಮಣ್ಣು ರಸ್ತೆಯ ಪ್ರತಿ ಕಲ್ಲೂ ಕಾಲಡಿಗೆ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಕೆಂಪು ಧೂಳು ಕೊಳವೆಯ ಸುತ್ತ ಸೇರಿ ಕಿರುಗುಟ್ಟುವ ಸದ್ದು ಶುರುವಾಗಿ, ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಕೆಲವು ವಾರ ಸುಮ್ಮನಿದ್ದು ಮತ್ತೆ ಮರಳುತ್ತಿತ್ತು. "ಈ ಕಾರಲ್ಲಿ ಉಡುಪಿಗೆ ಹೋದ್ರೆ ಸೊಂಟ ಹಿಡ್ಕೊಳ್ಳುತ್ತೆ ಕಣೋ" ಎಂದು ಅಮ್ಮ ಹೇಳಿದ ಮೇಲೆ ತಮ್ಮನೇ ಅವನ್ನು ತೆಗೆಸಿದ. ತೆಗೆದಾಗ ಬುಶ್‌ಗಳು ಹೊಸದರಂತೆಯೇ ಇದ್ದವು. ಬಾಳಿಕೆಯೊಂದನ್ನೇ ಅಳೆದರೆ ಈ ನಾಲ್ಕರಲ್ಲಿ ಮೊದಲ ಸ್ಥಾನ ಅದಕ್ಕೇ ಸಲ್ಲುತ್ತದೆ. ಆದರೂ ರ‍್ಯಾಲಿಗೆ ಹೋಗುವವರನ್ನು ಬಿಟ್ಟು ಉಳಿದವರಿಗೆ ಅದು ತಕ್ಕ ಆಯ್ಕೆಯೆಂದು ನನಗೆ ಅನ್ನಿಸುವುದಿಲ್ಲ.

ಶಾಕ್ ಅಬ್ಸಾರ್ಬರ್‌ಗಳಲ್ಲಿ ನಾವು ಹೋಲಿಸಿದ್ದು ಮೂರು ಬಗೆ: ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವುದು, ಶಾಕ್ ಅಬ್ಸಾರ್ಬರ್ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವುದು, ಮತ್ತು ಹಳೆಯದನ್ನೇ ರಿಕಂಡಿಷನ್ ಮಾಡಿದ್ದು. ಕಾರು ಕಂಪನಿಗಳು ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್‌ಗಳನ್ನು ಬೇರೆ ತಯಾರಕರಿಂದ ಕೊಳ್ಳುತ್ತವೆ. ನಮ್ಮ ದೇಶದಲ್ಲಿ ಗೇಬ್ರಿಯಲ್‌ನಂಥ ತಯಾರಕರು ಕಾರು ಕಾರ್ಖಾನೆಗಳಿಗೂ ಪೂರೈಸುತ್ತಾರೆ, ಬಿಡಿಭಾಗದ ಅಂಗಡಿಗಳಿಗೂ ಕಳಿಸುತ್ತಾರೆ. ಹಾಗಾಗಿ ಮೊದಲ ಎರಡು ಬಗೆಗಳ ನಡುವೆ ಓಡಾಟದಲ್ಲಿ ನನಗೆ ಯಾವ ಅಂತರವೂ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅಂತರವಿದ್ದದ್ದು ಬೆಲೆಯಲ್ಲಿ, ಅದೂ ಗಮನಿಸುವಷ್ಟು. ತಯಾರಕರ ಪೆಟ್ಟಿಗೆಯನ್ನು ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ನಕಲಿಯ ವಿಷಯದಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ದೊಡ್ಡ ಬಿಡಿಭಾಗ ಪೇಟೆಗಳಲ್ಲಿ ಅಧಿಕೃತ ವಿತರಕರೂ ಇದ್ದಾರೆ. ಅಂಥವರಿಂದ ಪಾರ್ಟ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ಲು ಪಡೆದೇ ಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ದರ ಜಾರಿಗೆ ಬಂದಿದೆ. ಮೊದಲು ಹಲವು ಭಾಗಗಳಿಗೆ ಶೇ 28 ಇತ್ತು. ಬಿಲ್ಲಿಲ್ಲದೆ ಕೊಂಡು ತೆರಿಗೆ ಉಳಿಸುವ ಆಸೆಗೆ ಹಿಂದಿದ್ದಷ್ಟು ಕಾರಣವೂ ಈಗ ಉಳಿದಿಲ್ಲ.

ರಿಕಂಡಿಷನ್ ಮಾಡಿದ್ದನ್ನು ತಮ್ಮನ ಕಾರಿನ ಮುಂಭಾಗಕ್ಕೆ ಹಾಕಿಸಿದ್ದೆವು. ಇದರ ಸೋಲಿಗೆ ಕಾರಣ ಅದರ ರಚನೆಯಲ್ಲಿದೆ. ಸಣ್ಣ ಕಾರುಗಳ ಶಾಕ್ ಅಬ್ಸಾರ್ಬರ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆಗಳಿರುತ್ತವೆ. ಒಳಗಿನದರಲ್ಲಿ ಪಿಸ್ಟನ್ ಆಡುತ್ತದೆ. ಹೊರಗಿನದರಲ್ಲಿ ಮಿಕ್ಕ ಎಣ್ಣೆ, ಅದರ ಮೇಲೆ ಕಡಿಮೆ ಒತ್ತಡದ ನೈಟ್ರೋಜನ್ ಇರುತ್ತದೆ. ಪಿಸ್ಟನ್ ಎಡೆಬಿಡದೆ ಆಡುವಾಗ ಎಣ್ಣೆ ನೊರೆಗಟ್ಟದಂತೆ ತಡೆಯುವುದು ಆ ಅನಿಲದ ಒತ್ತಡ. ಹಳೆಯದನ್ನು ಕತ್ತರಿಸಿ ತೆರೆದು, ಸೀಲ್ ಬದಲಿಸಿ, ಎಣ್ಣೆ ತುಂಬಿ ಮತ್ತೆ ಮುಚ್ಚುವ ಸಣ್ಣ ಕಾರ್ಯಾಗಾರಗಳಲ್ಲಿ ಅನಿಲ ತುಂಬುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಅದರ ಕೊರತೆಯನ್ನು ಮರೆಸಲು ದಪ್ಪನೆಯ ಎಣ್ಣೆ ಹಾಕುತ್ತಾರೆ. ಕೊಳ್ಳುವಾಗ ಇದನ್ನು ಪರೀಕ್ಷಿಸುವುದು ಸುಲಭ: ರಾಡನ್ನು ಒಳಕ್ಕೆ ಒತ್ತಿ ಕೈಬಿಟ್ಟರೆ ಅನಿಲವಿರುವುದು ತಾನಾಗಿ ನಿಧಾನಕ್ಕೆ ಮೇಲೇಳುತ್ತದೆ, ಇಲ್ಲದ್ದು ಒತ್ತಿದಲ್ಲಿಯೇ ನಿಲ್ಲುತ್ತದೆ. ನಮ್ಮದು ಒತ್ತಿದಲ್ಲಿಯೇ ನಿಂತಿತ್ತು. ಬೆಳಗಿನ ತಂಪಿನಲ್ಲಿ ಹೊರಟಾಗ ಕಾರು ಹೊಸದಕ್ಕಿಂತ ಬಿಗಿಯಾಗಿದೆಯೆನ್ನಿಸುತ್ತಿತ್ತು. ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಅದೇ ಕಾರು ತೇಲತೊಡಗುತ್ತಿತ್ತು, ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮೂಗು ತಗ್ಗಿಸಿ ಮೇಲೇಳಲು ತಡಮಾಡುತ್ತಿತ್ತು. ಕೆಲವೇ ತಿಂಗಳಲ್ಲಿ ರಾಡಿನ ಬುಡದಿಂದ ಎಣ್ಣೆ ಇಳಿದು ಸ್ಟ್ರಟ್ ಪೂರ್ತಿ ಒದ್ದೆಯಾಯಿತು. ತೆಳುವಾಗಿ ಪಸೆಯಾಡಿದ್ದರೆ ಅದನ್ನು ಸೋರಿಕೆಯೆನ್ನಬೇಕಿಲ್ಲ. ಧೂಳು ಮೆತ್ತಿ ಕೆಸರಾಗುವಷ್ಟು ಎಣ್ಣೆ ಇಳಿದಿದ್ದರೆ ಆ ಭಾಗ ಮುಗಿದಂತೆ.

ಹೊಸ ಶಾಕ್ ಅಬ್ಸಾರ್ಬರ್ ಕೂರಿಸುವಾಗಲೂ ಎರಡು ಅಭ್ಯಾಸಗಳು ಅದರ ಆಯುಸ್ಸನ್ನು ಕಡಿಮೆ ಮಾಡುವುದನ್ನು ಬೇರೆ ಗ್ಯಾರೇಜುಗಳಲ್ಲಿ ಕಂಡಿದ್ದೇನೆ. ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗದಿರಲೆಂದು ಅದನ್ನು ಇಕ್ಕಳದಿಂದ ಹಿಡಿಯುತ್ತಾರೆ. ಆಗ ಕ್ರೋಮ್ ಮೇಲೆ ಬೀಳುವ ಗೀರು ಪ್ರತಿ ಸಲ ಮೇಲೆ ಕೆಳಗೆ ಆಡುವಾಗಲೂ ಸೀಲನ್ನು ಕೊರೆಯುತ್ತದೆ. ರಾಡಿನ ತುದಿಯಲ್ಲಿಯೇ ಸ್ಪ್ಯಾನರ್ ಅಥವಾ ಅಲನ್ ಕೀ ಕೂರುವ ಜಾಗವಿರುತ್ತದೆ, ಹಿಡಿಯಬೇಕಾದದ್ದು ಅಲ್ಲಿ. ಎರಡನೆಯದು, ಮಲಗಿಸಿ ಸಾಗಿಸಿದ ಶಾಕ್ ಅಬ್ಸಾರ್ಬರನ್ನು ಹಾಗೆಯೇ ಹಾಕುವುದು. ಅದನ್ನು ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಒತ್ತಿ ಎಳೆದರೆ ಒಳಕೊಳವೆಗೆ ನುಗ್ಗಿದ ಅನಿಲ ಹೊರಬಂದು ಪಿಸ್ಟನ್ ಎಣ್ಣೆಯಲ್ಲೇ ಆಡುತ್ತದೆ. ಬದಲಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕೆಂಬುದನ್ನು ಎಲ್ಲ ಮೆಕ್ಯಾನಿಕ್‌ಗಳೂ ಹೇಳುತ್ತಾರೆ, ಆ ಮಾತು ಸರಿಯಾದದ್ದೇ.

ಸ್ಟ್ರಟ್ ಬಿಚ್ಚಿದ ಮೇಲೆ ಮೇಲಿನ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್ ಮತ್ತು ಡಸ್ಟ್ ಬೂಟ್‌ಗಳಿಗೆ ಕಂಪನಿಯದು, ಹೊರಗಿನದು ಎಂದು ಹೆಚ್ಚು ಯೋಚಿಸಬೇಕಾಗಿಲ್ಲ; ಅವುಗಳ ಬೆಲೆ ಕಡಿಮೆ, ಮತ್ತೊಮ್ಮೆ ಬಿಚ್ಚುವ ಕೂಲಿಯೇ ಅದಕ್ಕಿಂತ ಹೆಚ್ಚು. ಕಂಪನಿಯದನ್ನೇ ಹಾಕಿಸಿಬಿಡಿ. ಪುಡಿಯಾದ ಬಂಪ್ ಸ್ಟಾಪನ್ನು ಹಾಗೆಯೇ ಬಿಟ್ಟು ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಮೊದಲ ದೊಡ್ಡ ಹಂಪಿನಲ್ಲಿಯೇ ಉಕ್ಕಿಗೆ ಉಕ್ಕು ಬಡಿಯುತ್ತದೆ.

ಲಿಂಕ್ ರಾಡಿನ ಲೆಕ್ಕ ಬೇರೆ. ಅದು ಸಡಿಲವಾದರೆ ಸದ್ದು ಮಾಡುತ್ತದೆ, ತಿರುವಿನಲ್ಲಿ ಕಾರು ಸ್ವಲ್ಪ ಹೆಚ್ಚು ವಾಲುತ್ತದೆ. ಚಕ್ರ ಕಳಚುವ ಅಪಾಯವಿಲ್ಲ. ನಾವು ಕಂಪನಿಯದನ್ನೂ ಮಧ್ಯಮ ಬೆಲೆಯ ಹೊರಗಿನದನ್ನೂ ಹಾಕಿಸಿ ನೋಡಿದ್ದೇವೆ. ಹೊರಗಿನದು ಸ್ವಲ್ಪ ಮೊದಲೇ ಸದ್ದು ಮಾಡಿದರೂ ಬೆಲೆಯ ಅಂತರಕ್ಕೆ ಹೋಲಿಸಿದರೆ ನಷ್ಟವಿಲ್ಲ. ಬದಲಿಸುವ ಕೆಲಸ ಅರ್ಧ ಗಂಟೆಯದು, ಅಲೈನ್‌ಮೆಂಟಿನ ಅಗತ್ಯವೂ ಬೀಳುವುದಿಲ್ಲ. ಟೈ ರಾಡ್ ಎಂಡನ್ನು ಇದರ ಸಾಲಿಗೆ ಸೇರಿಸಬಾರದು. ಅದು ಸ್ಟಿಯರಿಂಗಿಗೆ ಸೇರಿದ್ದರಿಂದ ಬಾಲ್ ಜಾಯಿಂಟಿಗೆ ಹೇಳಿದ ಮಾತೇ ಅದಕ್ಕೂ ಅನ್ವಯಿಸುತ್ತದೆ, ಮತ್ತು ಅದನ್ನು ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಒಂದು ಹೋಲಿಕೆ ಇನ್ನೂ ಮುಗಿದಿಲ್ಲ. ಹೆಸರಾಂತ ಬಿಡಿಭಾಗ ತಯಾರಕರು ಬುಶ್ ಮತ್ತು ಬಾಲ್ ಜಾಯಿಂಟ್ ಸಮೇತ ಮಾರುವ ಇಡೀ ಲೋಯರ್ ಆರ್ಮ್‌ಗಳನ್ನು, ಪಾಲಿಯುರಿಥೇನ್ ಬುಶ್ ತೆಗೆಸಿದಾಗ, ತಮ್ಮನ ಕಾರಿಗೆ ಹಾಕಿಸಿದ್ದೇವೆ. ಬೆಲೆ ಕಂಪನಿಯದಕ್ಕಿಂತ ಕಡಿಮೆ, ಪೇಟೆಯ ಅಗ್ಗದ್ದಕ್ಕಿಂತ ಸಾಕಷ್ಟು ಹೆಚ್ಚು. ತೂಕ ಕೈಗೆ ಕಂಪನಿಯದರಷ್ಟೇ ಅನ್ನಿಸುತ್ತದೆ, ಬೂಟ್ ಮೆತ್ತಗಿದೆ. ಕಳೆದ ಮಳೆಗಾಲ ಮುಗಿದ ಮೇಲೆ ಲಿವರ್ ಹಾಕಿ ನೋಡಿದಾಗ ಬಾಲ್ ಜಾಯಿಂಟಿನಲ್ಲಿ ಆಟವಿರಲಿಲ್ಲ, ಟೈರುಗಳೂ ಸಮನಾಗಿ ಸವೆಯುತ್ತಿವೆ. ನನ್ನ ಕಾರಿನ ಕಂಪನಿ ಆರ್ಮ್ ದಾಟಿದಷ್ಟು ಮಳೆಗಾಲಗಳನ್ನು ಇದೂ ದಾಟಿದರೆ, ಮುಂದಿನ ಸಲ ನನ್ನ ಕಾರಿಗೂ ಇದನ್ನೇ ಹಾಕಿಸುತ್ತೇನೆ.